ಕಾಕಾನ ಕಡಲ ಹಸು

ಪ್ರವಾಸ ಹೋಗುವವರು ಒಂದು ಜಾತಿ, ಪ್ರವಾಸದ ಪ್ಲ್ಯಾನು ಹಾಕುವವರು ಇನ್ನೊಂದು ಜಾತಿ. ಎರಡು ಜಾತಿಗಳ ನಡುವೆ ಹೆಣ್ಣು ಕೊಟ್ಟು ತರುವ ವ್ಯವಹಾರ ಉಂಟು. ಆದರೆ ಒಂದೇ ಮೈಯಲ್ಲಿ ಎರಡೂ ಇರುವುದನ್ನು ನಾನಂತೂ ಕಂಡಿಲ್ಲ. ಮೊದಲನೆಯವರು ಚೀಲಕ್ಕೆ ಎರಡು ಅಂಗಿ ತುರುಕಿಕೊಂಡು ಬಸ್‌ಸ್ಟ್ಯಾಂಡಿಗೆ ಹೋಗುತ್ತಾರೆ, ಯಾವ ಬಸ್ಸು ಮೊದಲು ಹೊರಟಿತೋ ಆ ಊರಿನ ದೇವರಿಗೇ ಹರಕೆ ಹೊತ್ತಿದ್ದೆವು ಅನ್ನುತ್ತಾರೆ. ಎರಡನೆಯವರ ಹತ್ತಿರ ಆ ಬಸ್ಸಿನ ವೇಳೆ, ಅದು ತಪ್ಪಿದರೆ ಮುಂದಿನದರ ವೇಳೆ, ಯಾವ ಕಡೆ ಕೂತರೆ ಬಿಸಿಲು ಬೀಳುವುದಿಲ್ಲ ಎಂಬ ಲೆಕ್ಕ, ಎಲ್ಲ ಇರುತ್ತದೆ. ಬಸ್ಸಿನಲ್ಲಿ ಮಾತ್ರ ಅವರು ಇರುವುದಿಲ್ಲ.

ಇಂಥವರು ಪ್ರತಿ ಮನೆತನದಲ್ಲೂ ಒಬ್ಬರಿರುತ್ತಾರೆ. ಮದುವೆಯ ಎರಡನೇ ಪಂಕ್ತಿಯಲ್ಲಿ, ಹೋಳಿಗೆಗೆ ತುಪ್ಪ ಬಿದ್ದ ಗಳಿಗೆಯಲ್ಲಿ, "ಬರೂ ಮೇ ತಿಂಗಳು ಎಲ್ಲಾರೂ ಕೂಡಿ ಕಾಶ್ಮೀರ. ಯಾರ್‍ಯಾರು ಬರ್ತೀರಿ ಕೈ ಎತ್ರಿ" ಎಂದು ಸಾರುವವರು ಇವರೇ. ತುಪ್ಪದ ಕೈಗಳೆಲ್ಲ ಮೇಲೇಳುತ್ತವೆ. ಮೇ ತಿಂಗಳು ಬರುತ್ತದೆ, ಹೋಗುತ್ತದೆ. ಮುಂದಿನ ಮದುವೆಯಲ್ಲಿ ಅದೇ ಕೈಗಳು ಅಂಡಮಾನಿಗೆ ಏಳುತ್ತವೆ.

ನಮ್ಮ ಮನೆತನದಲ್ಲಿ ಈ ಹುದ್ದೆ ನಾಸಿಕದ ಕಾಕಾನದು. ಧಾರವಾಡದಿಂದ ಹೊರಟ ಹುಡುಗ ನಾಸಿಕದ ಹತ್ತಿರದ ಓಝರಿನಲ್ಲಿ ಎಚ್‌ಎಎಲ್‌ ಸೇರಿದ. ವಿಮಾನ ಕಾರ್ಖಾನೆಯ ಪ್ಲ್ಯಾನಿಂಗ್ ಸೆಕ್ಷನ್ನಿನಲ್ಲೇ ಕೂದಲು ಬೆಳ್ಳಗಾಯಿತು, ಅಲ್ಲೇ ನಿವೃತ್ತಿಯೂ ಆಯಿತು. ಮಿಗ್‌ನಿಂದ ಹಿಡಿದು ಸುಖೋಯ್‌ವರೆಗೆ ಅಲ್ಲಿ ಕಾಕಾ ಹಾಳೆಯ ಮೇಲೆ ಬರೆದದ್ದೆಲ್ಲ ಆಕಾಶಕ್ಕೆ ಹಾರಿದೆ. ಮನೆಯಲ್ಲಿ ಬರೆದದ್ದು ಇನ್ನೂ ಹ್ಯಾಂಗರಿನಿಂದ ಹೊರಗೆ ಬಂದಿಲ್ಲ. ಈಗ ಇಂದಿರಾನಗರದ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಕಾಕಾ, ಕಾಕು ಇಬ್ಬರೇ. ಮಗಳು ಅಮೆರಿಕದ ಫ್ಲೋರಿಡಾದಲ್ಲಿ, ಟ್ಯಾಂಪಾ ಎಂಬ ಊರಲ್ಲಿ. ಕಾಕಾನ ಅಣ್ಣ, ಅಂದರೆ ನಮ್ಮಪ್ಪ, ವಾಳೂಜದ ಕಾರ್ಖಾನೆಯೊಂದರಲ್ಲಿ ದುಡಿದು ಛತ್ರಪತಿ ಸಂಭಾಜಿನಗರದ ಸಿಡ್ಕೋದಲ್ಲಿ ಮನೆ ಮಾಡಿದವರು. ನಡುವಿನ ದಾರಿ ನಿಫಾಡ, ಯೇವಲಾ, ವೈಜಾಪುರ. ಕಾಕಾನ ಭಾಷೆಯಲ್ಲಿ ಹೇಳುವುದಾದರೆ "ಎರಡು ಚಹಾ, ಒಂದು ಮಿಸಳ್".

ಕಡಲ ಹಸು ಈ ಸಂಸಾರದೊಳಗೆ ಬಂದದ್ದು ಕಾಕಾನ ಮಗಳು ಕಳಿಸಿದ ಫೋಟೋದ ಮೂಲಕ. ಟ್ಯಾಂಪಾದಿಂದ ಕಾರಿನಲ್ಲಿ ಒಂದೂವರೆ ತಾಸು ಹೋದರೆ ಕ್ರಿಸ್ಟಲ್ ರಿವರ್ ಎಂಬ ಊರು. ಅಲ್ಲಿಯ ಬುಗ್ಗೆಗಳಲ್ಲಿ ಚಳಿಗಾಲಕ್ಕೆ ಮ್ಯಾನಟೀ ಎಂಬ ಪ್ರಾಣಿ ಬಂದು ಸೇರುತ್ತದೆ. ಹತ್ತು ಅಡಿ ಉದ್ದ, ನಾಲ್ಕೈದು ಕ್ವಿಂಟಲ್ ತೂಕ, ಮುಖದಲ್ಲಿ ಯಾವ ಚಿಂತೆಯೂ ಇಲ್ಲ. ತಿಳಿನೀರಿನಲ್ಲಿ ತೇಲುತ್ತಿದ್ದ ಅದರ ಚಿತ್ರ ನೋಡಿ ಕಾಕು, "ಕೋಡಿಲ್ಲದ ಎಮ್ಮಿ ಹಂಗ ಐತಲ್ರಿ, ಹಿಂಡೂದಿಲ್ಲ ಅನ್ನೂದೊಂದು ಬಿಟ್ರ" ಅಂದರು. ಕಾಕಾ ಏನೂ ಅನ್ನಲಿಲ್ಲ. ಕನ್ನಡಕ ಒರೆಸಿಕೊಂಡರು, ಲ್ಯಾಪ್‌ಟಾಪ್ ತೆರೆದರು. ಕಾಕುಗೆ ಅಲ್ಲೇ ಗೊತ್ತಾಯಿತು. ಅಂದು ಸಂಜೆಯೇ ನಮ್ಮ ಮೊಬೈಲುಗಳಲ್ಲಿ "ಮ್ಯಾನಟೀ 2022" ಎಂಬ ಹೊಸ ವಾಟ್ಸ್ಯಾಪ್ ಗುಂಪು ಹುಟ್ಟಿತ್ತು. ಆ ಗುಂಪು ಇಂದಿಗೂ ಜೀವಂತವಾಗಿದೆ. ಪ್ರತಿ ಜನವರಿಗೆ ಇಸವಿ ಮಾತ್ರ ಬದಲಾಗುತ್ತದೆ.

ಕಾಕಾನ ಎಕ್ಸೆಲ್ ಹಾಳೆಯನ್ನು ನೋಡದವರಿಗೆ ಅದನ್ನು ವರ್ಣಿಸುವುದು ಕಷ್ಟ. ತಳದಲ್ಲಿ ಸಾಲಾಗಿ ಬಣ್ಣಬಣ್ಣದ ಟ್ಯಾಬುಗಳು: ಹಾದಿ, ಖರ್ಚು, ಔಷಧ, ತಿಂಡಿ, ಹವಾಮಾನ, "ಏನರೇ ಆದ್ರ". ಈ ಕೊನೆಯದು ಎಲ್ಲಕ್ಕಿಂತ ಉದ್ದ. ಅಡ್ಡ ಸಾಲಿನಲ್ಲಿ ಏಳುವುದು, ಹಲ್ಲು, ಚಹಾ, ಕಕ್ಕಸ, ಸ್ನಾನ, ಪೂಜೆ, ಪ್ರತಿಯೊಬ್ಬರಿಗೂ ಬೇರೆ ಬೇರೆ. ನಮ್ಮಪ್ಪನ ಕಕ್ಕಸಕ್ಕೆ ಮೀಸಲಿಟ್ಟ ವೇಳೆಯನ್ನು ನೋಡಿ ಅಪ್ಪ ತಿಂಗಳುಗಟ್ಟಲೆ ತಮ್ಮನ ಜೊತೆ ಮಾತು ಬಿಟ್ಟಿದ್ದರು. ಕ್ರಿಸ್ಟಲ್ ರಿವರ್ ಮುಟ್ಟುವ ದಿನದ ಸಾಲು ನನಗೆ ಬಾಯಿಪಾಠವಾಗಿದೆ: "ಬೆಳಿಗ್ಗೆ 7:40ರಿಂದ 7:55, ಪ್ರಾಣಿಯನ್ನು ನೋಡಿ ಆನಂದಿಸುವುದು. 7:55ರಿಂದ 8:00, ಕಾಕುಗೆ ಪ್ರಾಣಿ ತೋರಿಸುವುದು. 8:00ರಿಂದ 8:20, ಸುಮ್ಮನೆ ಕೂಡುವುದು."

"ಸುಮ್ನ ಕೂಡೂದಕ್ಕೂ ಟೈಮ್ ಯಾಕ ಕಾಕಾ?" ಅಂತ ಕೇಳಿದೆ.

"ಬರೀದಿದ್ರ ಯಾರೂ ಸುಮ್ನ ಕೂಡೂದಿಲ್ಲಪಾ" ಅಂದರು. ಮಾತು ಸುಳ್ಳಲ್ಲ.

ಪ್ರಾಣಿಯ ವಿಷಯದಲ್ಲಿ ಕಾಕಾ ಓದಿಕೊಂಡದ್ದೂ ಕಡಿಮೆಯಲ್ಲ. ಆ ಬುಗ್ಗೆಗಳ ನೀರು ವರ್ಷಪೂರ್ತಿ 22 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಮೈ ಅಷ್ಟು ದೊಡ್ಡದಾದರೂ ಚಳಿ ತಡೆಯುವ ಕೊಬ್ಬು ಅದಕ್ಕಿಲ್ಲ. ಕಡಲು 20 ಡಿಗ್ರಿಗಿಂತ ತಣ್ಣಗಾಯಿತೆಂದರೆ ಬುಗ್ಗೆ ಹುಡುಕಿಕೊಂಡು ಒಳನಾಡಿಗೆ ಬರುತ್ತದೆ. ಹಾಗಾಗಿ ನವೆಂಬರ್ ನಡುವಿನಿಂದ ಮಾರ್ಚ್ ಕೊನೆಯವರೆಗೆ ಸುಗ್ಗಿ, ಅದರಲ್ಲೂ ಚಳಿ ಹೆಚ್ಚಾದಷ್ಟೂ ಒಳ್ಳೆಯದು. ಈ ಸಂಗತಿ ತಿಳಿದ ಮೇಲೆ ಡಿಸೆಂಬರಿನಲ್ಲಿ ನಿಫಾಡದ ಚಳಿಗೆ ದ್ರಾಕ್ಷಿ ಬೆಳೆಗಾರರು ತೋಟದಲ್ಲಿ ಬೆಂಕಿ ಹಾಕಿಕೊಂಡು ಕೂತಿರುವಾಗ, ಕಾಕಾ ಮಂಕಿಟೋಪಿ ಹಾಕಿಕೊಂಡು ಬಾಲ್ಕನಿಯಲ್ಲಿ ನಿಂತು ಫ್ಲೋರಿಡಾದ ಉಷ್ಣತೆ ಓದಿ ಹೇಳುತ್ತಿದ್ದರು. "ಇವತ್ತ ಭಾಳ ಬಂದಿರ್ತಾವ ನೋಡು!" ಎಂದು ಕೈ ಉಜ್ಜಿಕೊಳ್ಳುವರು. ಬೀಗರು ಬಂದಷ್ಟು ಸಂಭ್ರಮ. ಕಾಕು ಒಳಗಿನಿಂದ, "ಅವು ಬಂದ್ವು. ನೀವು ಯಾವಾಗ ಹೋಗ್ತೀರಿ ಕೇಳ್ರಿ" ಅನ್ನುವರು.

ಆನೆಗೂ ಮ್ಯಾನಟೀಗೂ ದೂರದ ದಾಯಾದಿತನ, ಮುಂಗೈಯಂಥ ರೆಕ್ಕೆಯ ತುದಿಗೆ ಇನ್ನೂ ಉಗುರಿವೆ, ಕುತ್ತಿಗೆಯಲ್ಲಿ ನಮಗೆಲ್ಲ ಏಳು ಎಲುಬಾದರೆ ಅದಕ್ಕೆ ಆರೇ. ಹಾಗಾಗಿ ಹಿಂದೆ ನೋಡಬೇಕೆಂದರೆ ಇಡೀ ಮೈಯನ್ನೇ ತಿರುಗಿಸಬೇಕು. 1493ರಲ್ಲಿ ಕೊಲಂಬಸ್ ಇದನ್ನು ನೋಡಿ ಮತ್ಸ್ಯಕನ್ಯೆಯೆಂದು ತಿಳಿದನಂತೆ, ಚಿತ್ರದಲ್ಲಿ ಕಂಡಷ್ಟು ಚೆಲುವೆಯಲ್ಲ ಎಂದು ಬೇಸರವನ್ನೂ ಪಟ್ಟುಕೊಂಡನಂತೆ. ಇದನ್ನೆಲ್ಲ ಕಾಕಾ ಸತ್ಯನಾರಾಯಣ ಪೂಜೆಗೆ ಬಂದವರಿಗೆ ಪ್ರಸಾದ ಕೊಡುವ ಮೊದಲೇ ಹೇಳಿಬಿಡುವರು. 2021ರಲ್ಲಿ ಫ್ಲೋರಿಡಾದಲ್ಲಿ ಸಾವಿರದ ನೂರರಷ್ಟು ಮ್ಯಾನಟೀ ಸತ್ತವು. ಹಿನ್ನೀರು ಕೆಟ್ಟು ಕಡಲ ಹುಲ್ಲು ನಾಶವಾಗಿತ್ತು, ಬಹಳಷ್ಟು ಉಪವಾಸ ಸತ್ತವು. ಆ ಚಳಿಗಾಲ ಸರ್ಕಾರದವರೇ ನಿಂತು ನೀರಿಗೆ ಲೆಟ್ಯೂಸ್ ಸೊಪ್ಪು ಎಸೆದು ಸಾಕಬೇಕಾಯಿತು. ಅದನ್ನು ಓದಿದ ದಿನ ಕಾಕಾ ಎಲೆಯ ಮೇಲಿನ ಕೋಸಂಬರಿ ಮುಟ್ಟಲಿಲ್ಲ. ನಾನು ಇದನ್ನು ತಮಾಷೆಗೆ ಹೇಳುತ್ತಿಲ್ಲ. ಎಂದೂ ನೋಡದ ಪ್ರಾಣಿಯ ಹಸಿವೆಗೆ ಊಟ ಬಿಟ್ಟವರನ್ನು ನಾನು ಬೇರೆ ಕಂಡಿಲ್ಲ.

ಅಲ್ಲಿಯ ನಿಯಮಗಳಲ್ಲಿ ಕಾಕಾನಿಗೆ ಬಹಳ ಹಿಡಿಸಿದ್ದು ಒಂದು: ಪ್ರಾಣಿಯ ಬೆನ್ನು ಹತ್ತಬಾರದು, ಅದಾಗಿ ಹತ್ತಿರ ಬರುವವರೆಗೆ ಅಲುಗಾಡದೆ ಕಾಯಬೇಕು. ಈ ನಿಯಮವನ್ನು ಅವರು ಮನಃಪೂರ್ವಕ ಒಪ್ಪಿಕೊಂಡು ನಾಸಿಕದಿಂದಲೇ ಪಾಲಿಸತೊಡಗಿದರು.

ವೀಸಾದ ಅರ್ಜಿ ತುಂಬುವಷ್ಟರಲ್ಲಿ ಪ್ಲ್ಯಾನಿನ ಆವೃತ್ತಿಗಳು ನಾಲ್ಕಾರು ಆಗಿದ್ದವು. ಸಂದರ್ಶನದ ತಾರೀಖಿಗೆ ಉದ್ದನೆಯ ಸರದಿ. ಅದು ಸಿಗುವ ಹೊತ್ತಿಗೆ ಸುಗ್ಗಿ ಮುಗಿದಿರುತ್ತದೆ, ಮುಂದಿನ ಸುಗ್ಗಿಗೆ ಹೋಗೋಣವೆಂದರೆ ಅಳಿಯನಿಗೆ ರಜೆ ಇಲ್ಲ. ನಡುವೆ ಇನ್ನೊಂದು ಘಾತ. ಹಾಳೆಯಲ್ಲಿ ಎಲ್ಲೆಲ್ಲಿ ಔರಂಗಾಬಾದ್ ಎಂದಿತ್ತೋ ಆ ಊರಿನ ಹೆಸರು 2023ರಲ್ಲಿ ಛತ್ರಪತಿ ಸಂಭಾಜಿನಗರವಾಯಿತು. ಬೇರೆಯವರಾಗಿದ್ದರೆ ಹಾಗೇ ಬಿಡುತ್ತಿದ್ದರು. ಕಾಕಾ ಕಾಲಮ್ಮುಗಳನ್ನೆಲ್ಲ ಅಗಲಿಸಿ ಹೊಸ ಹೆಸರು ಕೂಡಿಸಿದರು. ಆದರೆ ರೈಲ್ವೆ ಸ್ಟೇಷನ್ನಿನ ಬೋರ್ಡು ಮಾತ್ರ ಹಳೆಯದೇ ಉಳಿದಿತ್ತಲ್ಲ! ಮನೆ ಸಂಭಾಜಿನಗರದಲ್ಲಿ, ರೈಲು ಔರಂಗಾಬಾದಿನಲ್ಲಿ. ಹಾಳೆಯಲ್ಲಿ ಎರಡಕ್ಕೂ ಬೇರೆ ಬಣ್ಣ. 2025ರ ಅಕ್ಟೋಬರಿನಲ್ಲಿ ಸ್ಟೇಷನ್ನಿನ ಹೆಸರೂ ಬದಲಾದಾಗ ಕಾಕಾ ಬಿಟ್ಟ ನಿಟ್ಟುಸಿರನ್ನು ಕಾಕು ಗಾಬರಿಯಿಂದ ಫೋನು ಮಾಡಿ ನಮಗೆ ವರದಿ ಮಾಡಿದ್ದರು.

ಅಮೆರಿಕ ಬಗೆಹರಿಯದಿದ್ದಾಗ ಕಾಕಾ ಸ್ವದೇಶಿಗಿಳಿದರು. "ಪರದೇಶಕ್ಕ್ಯಾಕ ಹೋಗ್ಬೇಕು? ನಮ್ಮಲ್ಲೇ ಐತಿ. ತಂಗಿ ಮಗಳು ಇರ್ಬೇಕಾದ್ರ ಹೊರಗಿಂದ ಹೆಣ್ಣು ತರ್ತಾರೇನು?"

ಇದ್ದದ್ದು ನಿಜ. ಮ್ಯಾನಟೀ ನಮ್ಮ ದೇಶದಲ್ಲಿಲ್ಲ. ಆದರೆ ಅದರ ದಾಯಾದಿ ಡುಗಾಂಗ್ ಇದೆ. ಮ್ಯಾನಟೀಯ ಬಾಲ ದುಂಡಗಿನ ಹುಟ್ಟಿನಂತೆ ಅಗಲವಾಗಿದ್ದರೆ ಇದರದು ಡಾಲ್ಫಿನ್ನಿನ ಹಾಗೆ ಕವಲು. ಅದು ಹೊಳೆಗೂ ಸೈ ಕಡಲಿಗೂ ಸೈ, ಇದು ಕಡಲು ಬಿಟ್ಟು ಬರುವುದಿಲ್ಲ. ಕಛ್ ಖಾರಿ, ಅಂಡಮಾನ್, ತಮಿಳುನಾಡಿನ ಕರಾವಳಿ, ಇಷ್ಟೇ ಕಡೆ ಉಳಿದಿದೆ. ಅಂಡಮಾನಿನವರು ಅದನ್ನು ತಮ್ಮ ರಾಜ್ಯಪ್ರಾಣಿ ಮಾಡಿಕೊಂಡಿದ್ದಾರೆ. ತಮಿಳುನಾಡು 2022ರ ಸೆಪ್ಟೆಂಬರಿನಲ್ಲಿ ಪಾಕ್ ಕೊಲ್ಲಿಯಲ್ಲಿ, ತಂಜಾವೂರು–ಪುದುಕೋಟೆ ಜಿಲ್ಲೆಗಳ ಕಡಲಿನಲ್ಲಿ, 448 ಚದರ ಕಿಲೋಮೀಟರಿನ ಡುಗಾಂಗ್ ಸಂರಕ್ಷಣಾ ಪ್ರದೇಶವನ್ನೇ ಘೋಷಿಸಿತು. ದೇಶಕ್ಕೆ ಅದೇ ಮೊದಲನೆಯದು. ದೇಶದಲ್ಲಿ ಒಟ್ಟು ಸುಮಾರು 240, ಅವುಗಳಲ್ಲಿ ಹೆಚ್ಚಿನವು ತಮಿಳು ಕಡಲಿನಲ್ಲೇ ಇವೆಯೆಂದು ಅಂದಾಜು. ಕಾಕಾ ಕೂಡಲೇ ಭಾಗಿಸಿದರು. "ಒಂದಕ್ಕ ಹೆಚ್ಚುಕಡಿಮಿ ಎರಡು ಚದರ ಕಿಲೋಮೀಟರ್ ಜಾಗ ಬಂತು. ನಮ್ಮ ಬಿಲ್ಡಿಂಗಿನ ಕಾರ್ ಪಾರ್ಕಿಂಗಿನಾಗ ನನಗ ಇಷ್ಟು ಜಾಗ ಇಲ್ಲ."

ಕಾಕಾನ ಹೊಸ ಹಾಳೆಗೆ ರಾಮೇಶ್ವರ ಬಂದದ್ದು ಹೀಗೆ. ಅಲ್ಲಿಂದ ಉತ್ತರಕ್ಕೆ ಕರಾವಳಿ ಹಿಡಿದು ಹೋಗುವುದು, ಮೀನುಗಾರರ ದೋಣಿ ಮಾತಾಡುವುದು, ನೋಡುವುದು, ದೇವರಿಗೂ ಒಂದು ನಮಸ್ಕಾರ ಹಾಕಿ ಬರುವುದು. ತೊಡಕು ಇದ್ದದ್ದು "ನೋಡುವುದು" ಎಂಬಲ್ಲಿ. ಡುಗಾಂಗ್ ಕೆಲವು ನಿಮಿಷಕ್ಕೊಮ್ಮೆ ಉಸಿರಿಗೆಂದು ಮೂಗಿನ ತುದಿ ಮೇಲೆತ್ತುತ್ತದೆ, ಒಂದೆರಡು ಸೆಕೆಂಡಿನಲ್ಲಿ ಮುಳುಗುತ್ತದೆ. ಮಹಾ ಸಂಕೋಚದ ಪ್ರಾಣಿ. ಕ್ರಿಸ್ಟಲ್ ರಿವರಿನಂತೆ ಕಟ್ಟೆಯ ಮೇಲೆ ನಿಂತು ತೋರಿಸುವ ವ್ಯವಸ್ಥೆ ನಮ್ಮಲ್ಲಿಲ್ಲ, ಅದಾಗದಿರುವುದೇ ಅದಕ್ಕೆ ಕ್ಷೇಮವೆಂದು ನನ್ನ ಮತ. ಅದನ್ನು ನಿಜವಾಗಿ ಹತ್ತಿರದಿಂದ ನೋಡುವವರು ಅಲ್ಲಿಯ ಮೀನುಗಾರರು. ಬಲೆಗೆ ಸಿಕ್ಕಿಬಿದ್ದದ್ದನ್ನು ಬಿಡಿಸಿ ನೀರಿಗೆ ಬಿಟ್ಟವರಿಗೆ ಅರಣ್ಯ ಇಲಾಖೆ ಬಹುಮಾನ ಕೊಡುತ್ತದೆ. ಬಲೆ ಕಡಿಯಬೇಕು, ಆ ದಿನದ ಮೀನು ಕಳಕೊಳ್ಳಬೇಕು. ಯಾವ ಎಕ್ಸೆಲ್ಲೂ ಇಲ್ಲದೆ ಅವರು ಮಾಡುವ ಕೆಲಸವಿದು. ಕಾಕಾ ಈ ಸುದ್ದಿಗಳನ್ನೆಲ್ಲ ಕತ್ತರಿಸಿ "ದೊಡ್ಡ ಮನಶ್ಯಾರು" ಎಂದು ಬರೆದ ಫೈಲಿನಲ್ಲಿ ಇಟ್ಟಿದ್ದಾರೆ.

ಇಷ್ಟು ಕಷ್ಟದ ಪ್ರಾಣಿಯನ್ನು ನೋಡಲು ಕಣ್ಣಿಗೆ ತಾಲೀಮು ಬೇಡವೇ? ಒಂದು ಚಳಿಗಾಲ ಕಾಕಾ ನಮ್ಮೆಲ್ಲರನ್ನೂ ನಾಂದೂರ್ ಮಧ್ಯಮೇಶ್ವರಕ್ಕೆ ಕರೆಸಿದರು. ನಿಫಾಡ ತಾಲೂಕಿನಲ್ಲಿ ಗೋದಾವರಿಗೆ ಕಾದ್ವಾ ನದಿ ಸೇರುವಲ್ಲಿ ಒಡ್ಡು ಕಟ್ಟಿದ ಹಿನ್ನೀರು. ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದೆ, ಮಹಾರಾಷ್ಟ್ರಕ್ಕೆ ಅದೇ ಮೊದಲು. ಚಳಿಗಾಲದಲ್ಲಿ ದೂರದೇಶದ ಬಾತುಗಳು, ಕೊಕ್ಕರೆಗಳು ಬರುತ್ತವೆ. ಜನ ಹಕ್ಕಿ ನೋಡಲು ಬರುವ ಜಾಗ. ಸಂಭಾಜಿನಗರದಿಂದ ನಾವು ನಸುಕಿನಲ್ಲೇ ಹೊರಟೆವು. ಹಾಳೆಯಲ್ಲಿ "ಯೇವಲಾ, ಪೈಠಣಿ ಸೀರೆ: 0 ನಿಮಿಷ" ಎಂದು ಕೆಂಪಕ್ಷರದಲ್ಲಿ ಬರೆದಿತ್ತು. ಅಂಗಡಿ ತೆರೆಯದ ಹೊತ್ತಿಗೆ ಹೆಂಗಸರನ್ನು ಯೇವಲಾ ದಾಟಿಸುವ ಏಕೈಕ ಉಪಾಯ ಅದಾಗಿತ್ತೆಂದು ನಮ್ಮನೆಯಾಕೆ ಆಮೇಲೆ ಕಂಡುಹಿಡಿದಳು. ವಾಪಸು ಬರುವಾಗ ಅಲ್ಲಿ ಎಷ್ಟು ನಿಮಿಷವಾಯಿತು ಎಂಬುದನ್ನು ನನ್ನ ಬ್ಯಾಂಕಿನವರು ಬಲ್ಲರು.

ಹಕ್ಕಿಗಳ ಕಡೆ ಕಾಕಾ ಕಣ್ಣೆತ್ತಿಯೂ ನೋಡಲಿಲ್ಲ. ನೀರಂಚಿನಲ್ಲಿ ಊರಿನ ಎಮ್ಮೆಗಳು ಮೂಗು ಮಾತ್ರ ಮೇಲಿಟ್ಟು ಮುಳುಗಿ ಕೂತಿದ್ದವು. ಕಾಕಾ ದುರ್ಬೀನು ಹಿಡಿದರು; ನಮ್ಮ ಹುಡುಗರ ಕೈಗೆ ಒಂದೊಂದು ಹಾಳೆ, ಪೆನ್ಸಿಲು ಕೊಟ್ಟರು. "ಮೂಗು ಮ್ಯಾಲ ಬಂದ ಕೂಡಲೇ ಟೈಮ್ ಬರೀರಿ. ಒಂದನ್ನ ಎರಡ ಸಲ ಎಣಿಸಬ್ಯಾಡ್ರಿ." ಹುಡುಗರು ಶ್ರದ್ಧೆಯಿಂದ ಎಮ್ಮೆಗಳಿಗೆ ನಂಬರು ಹಾಕಿದರು. ನಂಬರ್ ಮೂರು ಮೂಗೇ ಮುಳುಗಿಸಲಿಲ್ಲ. ನಂಬರ್ ಐದು ಎದ್ದು ದಡಕ್ಕೆ ಬಂದು ಕಾಕಾನ ತಿಂಡಿಯ ಚೀಲಕ್ಕೆ ಬಾಯಿ ಹಾಕಿತು. ಬೇವಿನ ಮರದ ಕೆಳಗೆ ಕೂತಿದ್ದ ಎಮ್ಮೆಯವನು ಬಹಳ ಹೊತ್ತು ನೋಡಿ, ಎದ್ದು ಬಂದು, ವಿನಯದಿಂದಲೇ ಕೇಳಿದ: "ಕಾಯ್ ಸಾಹೇಬ್, ಮ್ಹಶೀ ವಿಕತ್ ಘ್ಯಾಯಚ್ಯಾ ಆಹೇತ್ ಕಾ?" ಕೊಳ್ಳುವುದಿದೆಯಾ ಎಂದು. ಕಾಕು ಥಟ್ಟನೆ, "ಸಾಹೇಬ್ರು ಪ್ಲ್ಯಾನ್ ಹಾಕಾಕತ್ತಾರಪಾ, ಇನ್ನ ಹತ್ತ ವರ್ಷ ಬಿಟ್ಟು ಬಾ" ಅಂದರು. ಅವನಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ನಕ್ಕ.

ನಮ್ಮಪ್ಪ ತಮ್ಮನನ್ನು ಹೆದರಿಸುವ ಮಾತೊಂದು ಇಟ್ಟುಕೊಂಡಿದ್ದರು. ಉತ್ತರದ ತಣ್ಣನೆ ಕಡಲಿನಲ್ಲಿ ಸ್ಟೆಲ್ಲರ್ ಎಂಬವನು 1741ರಲ್ಲಿ ಇನ್ನೊಂದು ಭಾರೀ ಕಡಲ ಹಸುವನ್ನು ಕಂಡುಹಿಡಿದ. ಬೇಟೆಗಾರರು ತಿಂದು ತಿಂದು 1768ರ ಹೊತ್ತಿಗೆ ಒಂದನ್ನೂ ಉಳಿಸಲಿಲ್ಲ. "ಇಪ್ಪತ್ತೇಳು ವರ್ಷದಾಗ ಖಲಾಸ್. ನೀ ಹಿಂಗ ಕುಂತ್ರ..." ಕಾಕಾ ಬಗ್ಗಲಿಲ್ಲ. "ಡುಗಾಂಗ್ ಎಪ್ಪತ್ತು ವರ್ಷ ಬದುಕತೈತಿ ಅಣ್ಣಾ. ಕೆಲವು ವರ್ಷಕ್ಕೊಂದು ಕರು ಹಾಕತೈತಿ. ಅದಕ್ಕ ಅವಸರ ಇಲ್ಲ, ನಮಗ್ಯಾಕ?"

"ಅದು ಬದುಕತೈತ್ರಿ" ಅಂದರು ಕಾಕು. "ನಾವು?"

ಆ ಪ್ರಶ್ನೆಯನ್ನು ಕಾಕಾ "ಏನರೇ ಆದ್ರ" ಟ್ಯಾಬಿಗೆ ಸೇರಿಸಿದರು.

ಕಾಕು ಆ ಟ್ಯಾಬನ್ನು ನಂಬಿ ಕೂಡುವವರಲ್ಲ. ಅವರ ಭಜನಾ ಮಂಡಳಿಯ ಹೆಂಗಸರು ಒಂದು ಮಂಗಳವಾರ ಆರತಿಯ ನಂತರ, ಅವಲಕ್ಕಿಯ ತಟ್ಟೆ ಕೈಯಲ್ಲಿರುವಾಗಲೇ, ಮಧುರೈ–ರಾಮೇಶ್ವರ–ಕನ್ಯಾಕುಮಾರಿ ಎಂದು ನಿಶ್ಚಯಿಸಿದರು. ತಟ್ಟೆ ತೊಳೆಯುವಷ್ಟರಲ್ಲಿ ಯಾರ ತಮ್ಮನೋ ಟಿಕೆಟ್ಟು ಮಾಡಿಸುವವನು ಸಿಕ್ಕ. ಕಾಕು ಒಂದು ಸೂಟ್‌ಕೇಸು, ಒಂದು ಡಬ್ಬಿ ಚಿವಡಾ, ಒಂದು ಮಂಡಿನೋವಿನ ಮುಲಾಮು ಹಿಡಿದು ಹೋಗಿಯೇಬಿಟ್ಟರು. ಗುಂಪಿನಲ್ಲಿ ಪಾಂಬನ್ ಹೊಸ ಸೇತುವೆಯ ಮೇಲಿಂದ ತೆಗೆದ ಸೆಲ್ಫಿ ಬಂತು: ಹಿಂದೆ ನೀಲಿ ಕಡಲು, ಮುಂದೆ ಎಂಟು ಜನ ಹೆಂಗಸರು, ಎಲ್ಲರ ಬಾಯಲ್ಲೂ ಚಿವಡಾ. ಕಾಕಾ ಅದನ್ನು ದೊಡ್ಡದು ಮಾಡಿ ಮಾಡಿ ಕಡಲಿನ ಭಾಗವನ್ನೇ ಪರೀಕ್ಷಿಸಿದರು.

ಹೆಂಡತಿ ತನ್ನನ್ನು ಬಿಟ್ಟು ಹೋದಳೆಂಬ ಸಿಟ್ಟು ಅವರಿಗೆ ಒಂದಿಷ್ಟೂ ಇರಲಿಲ್ಲ. ಪಡೆ ಹೊರಡುವ ಮೊದಲು ಬೇಹುಗಾರರು ಹೋಗಿ ಬರುವುದು ಯುದ್ಧಧರ್ಮವೇ ಆಗಿದೆ. ಕಾಕು ವಾಪಸು ಬಂದ ಸಂಜೆ, ಕಾಲು ಬಿಸಿನೀರಿನಲ್ಲಿಟ್ಟುಕೊಂಡು ಕೂತಿರುವಾಗ, ಕಾಕಾ ಟೈಪು ಮಾಡಿದ ಪ್ರಶ್ನಾವಳಿ ಹಿಡಿದು ಎದುರು ಕೂತರು. ನಾನು ಅಲ್ಲೇ ಇದ್ದೆ.

"ನೀರು ತಿಳಿ ಇತ್ತೇನು?"

"ಹೂಂ. ಕಾಲುಂಗುರ ಕಾಣತಿತ್ತು."

"ನೀರಿನ ಉಷ್ಣತಾ?"

"ಯಾವ ನೀರಿಂದ್ರಿ? ಇಪ್ಪತ್ತೆರಡು ಬಾವೀ ನೀರು ಸುರಿದಾರ ತಲೀ ಮ್ಯಾಲ. ಒಂದೊಂದ್ರದು ಒಂದೊಂದು ಥರ."

ರಾಮೇಶ್ವರದ ಗುಡಿಯೊಳಗೆ ಇಪ್ಪತ್ತೆರಡು ತೀರ್ಥಗಳಿರುವುದೂ, ಕ್ರಿಸ್ಟಲ್ ರಿವರಿನ ಬುಗ್ಗೆ 22 ಡಿಗ್ರಿ ಇರುವುದೂ ಕಾಕಾನ ಮನಸ್ಸಿನಲ್ಲಿ ಆ ಗಳಿಗೆಯಲ್ಲಿ ಒಂದಕ್ಕೊಂದು ಹೊಂದಿಕೊಂಡಿರಬೇಕು. ಅವರು ಪೆನ್ನು ಕೆಳಗಿಟ್ಟು ಕೆಲಹೊತ್ತು ಕಣ್ಣು ಮುಚ್ಚಿದರು. ಆಮೇಲೆ ಮುಖ್ಯ ಪ್ರಶ್ನೆ.

"ಹಸು ಕಂಡ್ವೇನು?"

"ಅಯ್ಯ, ಕಾಣದ ಏನ್ರಿ. ಗುಡೀ ಮುಂದ ಎರಡು ನಿಂತಿದ್ವು. ಬಾಳೀಹಣ್ಣು ತಿನ್ಸಿ ಬಂದೆ."

ಕಾಕಾ ಪ್ರಾಮಾಣಿಕರು. "2 (ಭೂಮಿಯದು)" ಎಂದು ಬರೆದುಕೊಂಡರು.

ಇನ್ನು ತಡಮಾಡಿದರೆ ಮಾನ ಹೋಗುತ್ತದೆಂದು ಅವರಿಗೂ ಅನಿಸಿತು. ಎಲ್ಲರಿಗೂ ರಜೆ ಸಿಗುವ ದೀಪಾವಳಿಯನ್ನು ಹಿಡಿದು, ರೈಲಿನ ಟಿಕೆಟ್ಟು ತೆಗೆಸುವ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿ ಭವ್ಯವಾದ ಆವೃತ್ತಿಯೊಂದನ್ನು ಕಟ್ಟಿದರು. ಆ ಕಟ್ಟಡ ನಿಂತಿದ್ದದ್ದು 120 ದಿನ ಮುಂಚೆ ಬುಕಿಂಗ್ ತೆರೆಯುತ್ತದೆಂಬ ಕಂಬದ ಮೇಲೆ. ರೈಲ್ವೆಯವರು 2024ರ ನವೆಂಬರ್ 1ರಿಂದ ಆ 120ನ್ನು 60 ಮಾಡಿದ್ದರು. ಹಳೆಯ ಆವೃತ್ತಿಯಿಂದ ಆ ಅಂಕಿ ಹಾಗೇ ಜಾರಿಕೊಂಡು ಬಂದಿತ್ತು. 120ನೇ ದಿನ ಬೆಳಿಗ್ಗೆ ಎಂಟಕ್ಕೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಕಂಪ್ಯೂಟರಿನ ಮುಂದೆ ಕೂತರೆ ರೈಲೇ ಕಾಣಿಸಲಿಲ್ಲ. ಹಾಳೆಯನ್ನೆಲ್ಲ 60ಕ್ಕೆ ತಿದ್ದಿ, ತಾಳೆ ನೋಡಿ, ಬಣ್ಣ ತುಂಬಿ ಮುಗಿಸುವ ಹೊತ್ತಿಗೆ 60ನೇ ದಿನವೂ ಕಳೆದು ಎಲ್ಲ ರೈಲಿಗೂ ವೇಟಿಂಗ್ ಲಿಸ್ಟ್ ಬಿದ್ದಿತ್ತು. ಹನ್ನೊಂದು ಜನರಲ್ಲಿ ಒಬ್ಬರಿಗೆ ಮಾತ್ರ ಖಚಿತವಾದ ಸೀಟು ಸಿಗುವ ಸಂಭವವಿತ್ತು. ಕಾಕು, "ನಾ ಹೋಗಿ ಬಂದೀನಿ, ನೀವ ಹೋಗ್ರಿ" ಅಂದರು. ಒಬ್ಬರೇ ಹೋಗುವುದಕ್ಕೆ ಹಾಳೆಯಲ್ಲಿ ಕಾಲಮ್ಮು ಇರಲಿಲ್ಲ.

ಹಾಗಾಗಿ ದೀಪಾವಳಿಗೆ ಎಲ್ಲರೂ ನಮ್ಮನೆಯಲ್ಲಿ, ಸಂಭಾಜಿನಗರದಲ್ಲೇ, ಚಕ್ಕಲಿ ತಿನ್ನುತ್ತ ಕೂತೆವು. ಹುಡುಗರ ಮುಖ ನೋಡಲಾಗದೆ ಅವ್ವ ಅಂದಳು: "ಇಲ್ಲೇ ವೇರೂಳಕ್ಕರೆ ಹೋಗಿ ಬರ್ರಿ." ವೇರೂಳ ಅಂದರೆ ಎಲ್ಲೋರ, ನಮ್ಮ ಮನೆಯಿಂದ ಮೂವತ್ತು ಕಿಲೋಮೀಟರು. ಮನೆಗೆ ಬಂದ ನೆಂಟರನ್ನೆಲ್ಲ ರಿಕ್ಷಾ ಹತ್ತಿಸಿ ಕಳಿಸಿದ್ದೇವೆಯೇ ಹೊರತು ನಾವು ಹೋದದ್ದು ಯಾವ ಕಾಲದಲ್ಲೋ. ಪ್ಲ್ಯಾನಿಲ್ಲದ ಪ್ರವಾಸ! ಕಾಕಾ ಚಡಪಡಿಸಿದರು. "ಮಂಗಳವಾರ ಬಂದ್ ಇರತೈತಿ" ಎಂದೊಂದು ಅಡ್ಡಗಾಲು ಹಾಕಿ ನೋಡಿದರು. ಅದು ನಿಜ; ಆದರೆ ಅಂದು ಬುಧವಾರ.

ಹದಿನಾರನೇ ಗುಹೆಯ ಮುಂದೆ ಕಾಕಾನ ಚಡಪಡಿಕೆ ನಿಂತಿತು. ಕೈಲಾಸ ದೇವಾಲಯವನ್ನು ಕಟ್ಟಿಲ್ಲ, ಗುಡ್ಡವನ್ನು ಮೇಲಿಂದ ಕೆಳಕ್ಕೆ ಕಡಿಯುತ್ತ ಬಂದು ಒಳಗಿನ ಗುಡಿಯನ್ನು ಬಿಡಿಸಿದ್ದಾರೆ. ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದ್ದು, ಎಂಟನೇ ಶತಮಾನ. "ನಮ್ಮ ಕನ್ನಡದವರು" ಎಂದು ಅಪ್ಪ ಪಕ್ಕದಲ್ಲಿದ್ದ ಗುಜರಾತಿ ಸಂಸಾರಕ್ಕೆ ಕೇಳುವಂತೆ ಎರಡು ಸಲ ಹೇಳಿದರು. ಕಾಕಾ ಕತ್ತೆತ್ತಿ ಶಿಖರ ನೋಡಿದರು, ಸುತ್ತಲಿನ ಕಡಿದ ಗೋಡೆ ನೋಡಿದರು, ಟೋಪಿ ತೆಗೆದರು.

"ಇದಕ್ಕ ಪ್ಲ್ಯಾನ್ ಅಂತಾರ" ಅಂದರು. ದನಿ ಗದ್ಗದ. "ಮೊದಲ ಕಳಸ, ಕಡೀಕ ಪಾಯಾ. ಒಂದು ಪೆಟ್ಟು ತಪ್ಪಿದ್ರ ವಾಪಸ್ ಹಚ್ಚಾಕ ಬರೂದಿಲ್ಲ. ತಲ್ಯಾಗ ಪೂರ್ತಿ ಚಿತ್ರ ಇರ್ಬೇಕು."

"ಹೌದ್ರಿ" ಅಂದರು ಕಾಕು, ಚಪ್ಪಲಿಯೊಳಗಿನ ಹರಳು ಕೊಡವುತ್ತ. "ಪ್ಲ್ಯಾನೂ ಹಾಕಿದ್ರು. ಕಡಿದೂ ಕಡಿದ್ರು."

ಮುಂದಕ್ಕೆ ನಡೆದು ಇಪ್ಪತ್ತೊಂದನೆಯದಕ್ಕೆ ಬಂದೆವು. ಅದರ ಹೆಸರು ರಾಮೇಶ್ವರ. ಬೋರ್ಡು ಓದಿದ ಹುಡುಗರು ಕಿರುಚಿದರು, "ಅಜ್ಜಾ, ರಾಮೇಶ್ವರ ಬಂತು!" ಆ ಗುಹೆಯ ಮುಂಭಾಗದಲ್ಲೇ ಗಂಗೆಯ ಆಳೆತ್ತರದ ಮೂರ್ತಿ, ಮೈಯ ಬಳುಕು ಕಲ್ಲೆಂದು ನಂಬುವ ಹಾಗಿಲ್ಲ, ಅವಳು ನಿಂತಿರುವುದು ಮಕರದ ಮೇಲೆ. ನೀರಿನ ಪ್ರಾಣಿ, ದಪ್ಪ ಮೈ, ಮೂತಿಯ ತುದಿ ಸೊಂಡಿಲಿನಂತೆ ಸುರುಳಿ. ಕಾಕಾ ದುರ್ಬೀನು ತೆಗೆದರು. ಎರಡು ಮಾರು ದೂರದಲ್ಲಿದ್ದ ಕಲ್ಲನ್ನು ದುರ್ಬೀನಿನಲ್ಲಿ ನೋಡಿದರು. "ನೋಡ್ರಿ, ಸೊಂಡಿ ಐತಿ. ಆನೀ ಬಳಗ ಅಂತ ನಾ ಮೊದಲ ಹೇಳಿದ್ನೋ ಇಲ್ಲೋ?" ಹುಡುಗರು ಗಡಿಯಾರ ನೋಡಿ ಸಮಯ ಬರೆದುಕೊಂಡರು. ಮಕರಕ್ಕೂ ಡುಗಾಂಗಿಗೂ ಏನೂ ಸಂಬಂಧವಿಲ್ಲವೆಂದು ನನಗೆ ಗೊತ್ತು, ಕಾಕಾನಿಗೆ ನನಗಿಂತ ಚೆನ್ನಾಗಿ ಗೊತ್ತು. ಇಬ್ಬರೂ ಆ ಮಾತು ತೆಗೆಯಲಿಲ್ಲ. ಹದಿನೈದು ನಿಮಿಷ ನೋಡಿ ಆನಂದಿಸಿದರು. ಐದು ನಿಮಿಷ ಕಾಕುಗೆ ತೋರಿಸಿದರು. ಆಮೇಲೆ ಮೆಟ್ಟಿಲ ಮೇಲೆ ಸುಮ್ಮನೆ ಕೂತರು.

ಕ್ರಿಸ್ಟಲ್ ರಿವರ್ ರದ್ದಾಗಿಲ್ಲ, ಮುಂದಕ್ಕೆ ಹೋಗಿದೆ. 2027ರ ಆಗಸ್ಟ್–ಸೆಪ್ಟೆಂಬರಿನಲ್ಲಿ ನಾಸಿಕದಲ್ಲಿ ಸಿಂಹಸ್ಥ ಕುಂಭಮೇಳದ ಮುಖ್ಯ ಸ್ನಾನಗಳು. ಹುಬ್ಬಳ್ಳಿ, ಧಾರವಾಡ, ಗದಗಿನ ನೆಂಟರೆಲ್ಲ ಈಗಲೇ ಫೋನು ಮಾಡಿ ಕಾಕಾನ ಆರೋಗ್ಯ ವಿಚಾರಿಸತೊಡಗಿದ್ದಾರೆ. ಅದು ಮುಗಿಯದೆ ಊರು ಬಿಡುವ ಮಾತೇ ಇಲ್ಲ. ಮ್ಯಾನಟೀ ಹಾಳೆಯ ಪಕ್ಕಕ್ಕೆ ಹೊಸ ಹಾಳೆ ತೆರೆದಿದೆ: ಎರಡು ಕೋಣೆ, ಒಂದು ಹಾಲು, ಒಂದು ಬಾಲ್ಕನಿ, ಒಂದೇ ಕಕ್ಕಸ, ನಲವತ್ತು ಜನ. ಸ್ನಾನಕ್ಕೆಂದು ರಾಮಕುಂಡಕ್ಕೆ ಯಾರು ಎಷ್ಟಕ್ಕೆ ಹೊರಡಬೇಕು, ಯಾರು ಎಲ್ಲಿ ಮಲಗಬೇಕು, ಎಲ್ಲ ಬಣ್ಣಬಣ್ಣದ ಚೌಕಗಳಲ್ಲಿ. ಮೊನ್ನೆ ಕಾಕಾ ಅದನ್ನು ಟಿವಿಗೆ ಹಚ್ಚಿ ತೋರಿಸುತ್ತಿದ್ದಾಗ ಕಾಕು ಈರುಳ್ಳಿ ಹೆಚ್ಚುತ್ತಲೇ ಒಂದು ತಿದ್ದುಪಡಿ ಸೂಚಿಸಿದರು.

"ಬಾಲ್ಕನ್ಯಾಗ ಒಂದು ಚಾಪಿ ಖಾಲಿ ಬಿಡ್ರಿ. ನೀವು ಬರೂದು ಕಾದು ಕಾದು ಸಾಕಾಗಿ, ಆ ಹಸೂನ ಗೋದಾವರಿ ಹಿಡಕೊಂಡು ಬಂದರೂ ಬಂದೀತು."